ಪತ್ರೆ ಇಡುವ ಜಾಗ

ಗಣಿತದಲ್ಲಿ ಪಾಸಾದೆ. ವಿಜ್ಞಾನದಲ್ಲಿ ಪಾಸಾದೆ. ಇಂಗ್ಲಿಷಿನಲ್ಲಿಯೂ ಹೇಗೋ ದಡ ಸೇರಿದೆ. ಫೇಲಾದದ್ದು ಕನ್ನಡದಲ್ಲಿ. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದವಳ ಫಲಿತಾಂಶಕ್ಕೆ ಬೀದಿಯವರೇನೂ ಕಾದು ಕೂತಿರಲಿಲ್ಲ, ಅದೊಂದು ಶಿವನ ದಯೆ. ಆದರೆ ಮನೆಯಲ್ಲಿ ಅತ್ತೆ, ಮನೆಯವರು, ಒಂಬತ್ತನೇ ತರಗತಿಯ ಮಗಳು ಇದ್ದರಲ್ಲ. ನಗುವುದಕ್ಕೆ ಮೂರು ಜನ ಧಾರಾಳವಾಯಿತು.

ನಮ್ಮ ಮನೆಯವರು ಶಿಕಾರಿಪುರದ ಮಾರ್ಕೆಟ್ ಯಾರ್ಡಿನ ಒಂದು ಮಂಡಿಯಲ್ಲಿ ಮೆಕ್ಕೆಜೋಳದ ತೂಕ ನೋಡುತ್ತಾರೆ. ಅವರು ಚಪ್ಪಲಿ ಬಿಡುತ್ತ ಕೇಳಿದರು:

"ಮದುವೆ ಆದಾಗಿಂದ ನನ್ನ ಸಂಗಡ ಕನ್ನಡದಾಗೇ ಜಗಳ ಆಡಿದೀಯ. ಅದರಾಗೆ ಹೆಂಗೆ ಫೇಲಾದೆ?"

"ಪೇಪರ್ ತಿದ್ದಿದೋರು ನೀವಲ್ಲವಲ್ಲ, ಅದಕ್ಕೆ," ಎಂದೆ.

"ನಾನು ತಿದ್ದಿದ್ರೆ ನೂರಕ್ಕೆ ನೂರು ಕೊಡ್ತಿದ್ದೆ ಬಿಡು. ಬದುಕಬೇಕಲ್ಲ," ಎಂದು ಕೈಕಾಲು ತೊಳೆಯಲು ಹೋದರು.

ನಗುವಿನ ಮಾತು ಹಾಗಿರಲಿ, ನನಗೆ ಒಳಗೆ ಕಸಿವಿಸಿ ಇತ್ತು. ನಮ್ಮ ಬೀದಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿರುವವರು ನಿವೃತ್ತಿಗೆ ಬಂದಿದ್ದರು. ಮಕ್ಕಳಿಗೆ ಅನ್ನ ಮಾಡುವುದು, ಮೂಗು ಒರೆಸುವುದು, ಮಲಗಿಸುವುದು ನನಗೆ ಒಲಿದ ಕೆಲಸ. ಅದಕ್ಕೆ ಹತ್ತನೇ ತರಗತಿ ಪಾಸಾದ ಅಂಕಪಟ್ಟಿ ಬೇಕು. ವಯಸ್ಸಿನ ಗಡಿಯೂ ಇದೆ. ಮುಂದಿನ ವರ್ಷಕ್ಕೆ ನಾನು ಆ ಗಡಿ ದಾಟುತ್ತಿದ್ದೆ. ಉಳಿದದ್ದು ಜೂನ್ ತಿಂಗಳ ಎರಡನೇ ಪರೀಕ್ಷೆ ಒಂದೇ, ಒಂದೇ ವಿಷಯ, ಕಡಿಮೆ ಬಿದ್ದದ್ದು ಮೂರು ಅಂಕ.

ನಮ್ಮ ಹಿತ್ತಿಲಲ್ಲಿ ಒಂದು ಬಿಲ್ವದ ಮರವಿದೆ. ಹಿಂದಿನ ಬೀದಿಯಲ್ಲಿರುವ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಟೀಚರು ಪ್ರತಿ ಸೋಮವಾರ ಪತ್ರೆ ಬಿಡಿಸಲು ಬರುತ್ತಾರೆ. ಆ ಸೋಮವಾರ ಅವರಿಗೆ ವಿಷಯ ತಿಳಿಯಿತು. ಅವರು ನಗಲಿಲ್ಲ. "ಉತ್ತರಪತ್ರಿಕೆ ನಕಲು ತರಿಸು. ನೋಡೋಣ, ಯಾವ ದೇವರು ಎಲ್ಲಿ ಕೈಬಿಟ್ಟ ಅಂತ," ಎಂದರು. ಮಗಳು ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಜಿ ಹಾಕಿ, ಕೆಲವು ದಿನ ಬಿಟ್ಟು ಅದನ್ನು ಮುದ್ರಿಸಿ ತಂದಳು.

ಟೀಚರು ಬಿಲ್ವದ ಕಟ್ಟೆಯ ಮೇಲೆ ಕೂತು ಕನ್ನಡಕ ಏರಿಸಿ ಓದಿದರು. ಅಪಠಿತ ಗದ್ಯ ಎಂದು ಒಂದು ಪ್ರಶ್ನೆ ಬರುತ್ತದೆ. ಪಠ್ಯದಲ್ಲಿ ಇಲ್ಲದ ಒಂದು ಸಣ್ಣ ಭಾಗ ಕೊಟ್ಟು, ಓದಿ ಉತ್ತರಿಸಿ ಎನ್ನುತ್ತಾರೆ. ಅದರಲ್ಲಿ ಒಬ್ಬ ಕುಂಬಾರಗಿತ್ತಿ ಮಡಕೆ ಹೊತ್ತು ಸಂತೆಗೆ ಹೊರಟಿರುತ್ತಾಳೆ. ದಾರಿಯಲ್ಲಿ ಜಾರಿ ಬೀಳುತ್ತಾಳೆ. ಮಡಕೆಗಳು ಒಡೆಯುತ್ತವೆ. ಬೋಕಿಗಳನ್ನು ಮಡಿಲಲ್ಲಿ ಹಾಕಿಕೊಂಡು ದಾರಿಬದಿಯಲ್ಲಿ ಕೂರುತ್ತಾಳೆ. ಭಾಗ ಅಲ್ಲಿಗೆ ಮುಗಿಯಿತು. ಕೊನೆಯಲ್ಲಿ ಅವಳು ಏನು ಮಾಡಿದಳು ಎಂಬುದು ಪ್ರಶ್ನೆ.

"ನೀನು ಏನ್ ಬರ್ದೀಯ ಓದು," ಎಂದರು ಟೀಚರು.

ಓದಿದೆ. "ಆಗ ಆ ದಾರಿಯಲ್ಲಿ ಬಂದ ಒಬ್ಬ ಧರ್ಮಾತ್ಮರಾದ ಸಾಹುಕಾರರು ಆಕೆಯ ಕಷ್ಟವನ್ನು ಕಂಡು ಮರುಗಿ, ಆಕೆಯನ್ನು ತಮ್ಮ ಗಾಡಿಯಲ್ಲಿ ಮನೆಗೆ ಮುಟ್ಟಿಸಿದರು."

"ಯಾರಮ್ಮ ಈ ಸಾಹುಕಾರ್ರು? ನಾನು ಪ್ರಶ್ನೆಪತ್ರಿಕೆ ಎಲ್ಲಾ ಹುಡುಕಿದೆ. ಎಲ್ಲೂ ಸಿಗಲಿಲ್ಲ."

"ಯಾರಾದ್ರೂ ಬಂದೇ ಬರ್ತಾರಲ್ರೀ ಟೀಚರ್. ಹಂಗೇ ಬಿಟ್ಟು ಹೋಗಕ್ಕೆ ಆಗ್ತದ?"

ಟೀಚರು ಹಾಳೆ ತಿರುವಿದರು. ಪಾಠದ ಪ್ರಶ್ನೆಗಳಲ್ಲೂ ನಾನು ಇದನ್ನೇ ಮಾಡಿದ್ದೆ. ತಬ್ಬಲಿಗೆ ತಾಯಿ ಸಿಕ್ಕಿದ್ದಳು. ಸೋತವನು ಗೆದ್ದಿದ್ದ. ಸಾಯುವಂತಿದ್ದ ಮುದುಕ ನನ್ನ ಉತ್ತರದಲ್ಲಿ ಗಂಜಿ ಕುಡಿದು ಎದ್ದು ಕೂತಿದ್ದ. ಅಲ್ಲೆಲ್ಲ ಕೆಂಪು ಗೀಟು. ಟೀಚರು ಹಾಳೆಗಳನ್ನು ಮಡಿಲಲ್ಲಿಟ್ಟು, "ನಿಂಗೆ ಓದೋಕೆ ಕಲಿಸಿದೋರು ಯಾರು?" ಎಂದು ಕೇಳಿದರು.

ಕಲಿಸಿದ್ದು ನನ್ನ ಅಪ್ಪ. ನನ್ನ ತವರು ಸೊರಬದ ಹತ್ತಿರದ ಒಂದು ಹಳ್ಳಿ. ಶ್ರಾವಣದಲ್ಲಿ ದೀಪ ಹಚ್ಚಿದ ಮೇಲೆ ನಮ್ಮೂರ ಮಠದ ಜಗಲಿಯಲ್ಲಿ ಪುರಾಣ ಓದುತ್ತಿದ್ದರು. ಓದುತ್ತಿದ್ದವರು ಅಪ್ಪ. ಅವರ ಗಂಟಲು ಕಟ್ಟಿದ ದಿನ ನಾನು, ಆಗ ಐದನೆಯದೋ ಆರನೆಯದೋ ತರಗತಿ. ಆ ದಿನದ ಓದು ಮುಗಿದ ಮೇಲೆ ಪುಟದ ನಡುವೆ ಒಂದು ಬಿಲ್ವಪತ್ರೆ ಇಟ್ಟು ಪುಸ್ತಕ ಮುಚ್ಚಬೇಕು. ಆದರೆ ಪತ್ರೆಯನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ಕಥೆಯಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ಅಲ್ಲಿ ನಿಲ್ಲಿಸಬಾರದು. "ಸಂಕಟದ ಮೇಲೆ ಪತ್ರೆ ಇಡಬಾರದು ಮಗ," ಎನ್ನುತ್ತಿದ್ದರು ಅಪ್ಪ. "ಕೇಳಿದೋರು ಅದನ್ನೇ ಹೊತ್ಕಂಡು ಮನೆಗೆ ಹೋಗ್ತಾರೆ. ನಿದ್ದೆ ಬರ್ತದ ಅವರಿಗೆ?" ಹೊತ್ತಾಗಿ, ಕಷ್ಟ ತೀರುವ ಪುಟ ಇನ್ನೂ ದೂರವಿದ್ದರೆ, ಅಪ್ಪ ಪುಸ್ತಕದಿಂದ ಕಣ್ಣು ತೆಗೆದು ತಮ್ಮ ಮಾತಿನಲ್ಲೇ ಮುಂದಿನದನ್ನು ಹೇಳಿಬಿಡುತ್ತಿದ್ದರು. ಕಾಡಿನಲ್ಲಿ ಸಿಕ್ಕಿಬಿದ್ದವಳಿಗೆ ಜಂಗಮನೊಬ್ಬ ದಾರಿ ತೋರಿಸುತ್ತಿದ್ದ. ಕೇಳುವ ಹೆಂಗಸರು ಸಮಾಧಾನದಿಂದ ಸೆರಗು ಸರಿಮಾಡಿಕೊಂಡು ಏಳುತ್ತಿದ್ದರು. ಆಮೇಲೆ ಪತ್ರೆ.

ನಾನು ಓದು ಅಂದುಕೊಂಡದ್ದು ಅದನ್ನೇ. ಕಥೆಯಲ್ಲಿದ್ದವರನ್ನು ಮನೆ ಮುಟ್ಟಿಸುವುದು ಓದುವವರ ಜವಾಬ್ದಾರಿ. ಆ ಜವಾಬ್ದಾರಿ ಹೊತ್ತೇ ಪರೀಕ್ಷೆ ಬರೆದಿದ್ದೆ. ಹತ್ತನೇ ತರಗತಿ ನಾನು ಅರ್ಧಕ್ಕೆ ಬಿಟ್ಟವಳು. ಅವ್ವ ಹಾಸಿಗೆ ಹಿಡಿದಿದ್ದಳು, ಮನೆಯಲ್ಲಿ ಒಂದು ಹೆಣ್ಣಾಳು ಬೇಕಿತ್ತು. ಸೊರಬದ ಹೈಸ್ಕೂಲಿನವರು "ಮುಂದಿನ ವರ್ಷ ಬಾ" ಎಂದಿದ್ದರು. ಆ ಮುಂದಿನ ವರ್ಷ ಬರುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಇದನ್ನೆಲ್ಲ ಕೇಳಿ ಟೀಚರು ಕೈಯಲ್ಲಿದ್ದ ಪತ್ರೆಗಳನ್ನು ಬುಟ್ಟಿಗೆ ಹಾಕಿದರು.

"ನಿಮ್ಮಪ್ಪ ಮಾಡಿದ್ದು ತಪ್ಪಲ್ಲಮ್ಮ. ಆದ್ರೆ ಪರೀಕ್ಷೆಯೋರು ಪುರಾಣ ಕೇಳೋಕೆ ಕೂತಿಲ್ಲ. ಅಲ್ಲಿ ಏನೈತೆ ಅಂತ ಕೇಳ್ತಾರೆ. ಏನಾಗಬೇಕಿತ್ತು ಅಂತ ಅಲ್ಲ. ಇವತ್ತಿಂದ ಒಂದೇ ನಿಯಮ. ಉತ್ತರ ಯಾವ ಸಾಲಿನಾಗೆ ಐತೋ ಅಲ್ಲಿ ಬೆರಳಿಡು. ಬೆರಳಿಡೋಕೆ ಜಾಗ ಇಲ್ದಿದ್ರೆ ಪೆನ್ನು ಎತ್ತಬೇಡ."

ಅಭ್ಯಾಸ ಶುರುವಾದದ್ದು ಹಾಗೆ. ಟೀಚರು ಹಳೆಯ ಪತ್ರಿಕೆಗಳ ಸಣ್ಣ ಸಣ್ಣ ಭಾಗಗಳನ್ನು ಕತ್ತರಿಸಿ ಒಂದು ನೋಟ್‌ಪುಸ್ತಕಕ್ಕೆ ಅಂಟಿಸಿ, ಕೆಳಗೆ ಪ್ರಶ್ನೆ ಬರೆದು ಕೊಟ್ಟರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಸಂಜೆ ಹಾಲಿನವನು ಬರುವ ಮುಂಚೆ, ನನಗೆ ಒಂದು ಗಂಟೆ ಸಿಗುತ್ತಿತ್ತು. ಬೇಸಿಗೆ ರಜೆ ಇದ್ದದ್ದರಿಂದ ಮಗಳು ಮನೆಯಲ್ಲಿದ್ದಳು. ನಾನು ಗಟ್ಟಿಯಾಗಿ ಓದುವುದು, ಅವಳು ಪ್ರಶ್ನೆ ಕೇಳುವುದು. ಅತ್ತೆ ಗೋಡೆಗೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಅತ್ತೆಗೆ ಅಕ್ಷರ ಬರುವುದಿಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು.

ಮೊದಲ ದಿನವೇ ಮಾನ ಹೋಯಿತು. ಒಂದು ಊರಿನ ಬಾವಿ ಬತ್ತಿದ ಕಥೆ. ಬಾವಿ ತೋಡಿಸಿದವರು ಯಾರು ಎಂದು ಮಗಳು ಕೇಳಿದಳು. ನಾನು ಕಣ್ಣು ಮುಚ್ಚಿ ಯೋಚಿಸುತ್ತಿದ್ದೆ.

"ಗೌಡನ ಹೆಂಡ್ತಿ. ಹಿರೇಳು," ಎಂದರು ಅತ್ತೆ, ಅಕ್ಕಿಯಿಂದ ಕಣ್ಣೆತ್ತದೆ.

"ಕರೆಕ್ಟ್ ಅಜ್ಜಿ. ಯಾವಾಗ ಬತ್ತಿತು?"

"ಆಕಿ ಸತ್ತ ವರ್ಷ."

"ಅಮ್ಮ, ಮತ್ತೆ ನೀರು ಬಂತಾ?"

"ಬಂತು," ಎಂದೆ. "ಊರವರೆಲ್ಲ ಪೂಜೆ ಮಾಡಿಸಿದ ಮೇಲೆ..."

"ಎಲ್ಲಿ ಬಂತು? ಬೆರಳಿಟ್ಟು ತೋರ್ಸು," ಎಂದರು ಅತ್ತೆ.

ಬೆರಳಿಡಲು ಜಾಗ ಇರಲಿಲ್ಲ. ಮಗಳು ಪುಸ್ತಕದ ಅಂಚಿನಲ್ಲಿ ಅಜ್ಜಿಗೆ ಮೂರು, ಅಮ್ಮನಿಗೆ ಸೊನ್ನೆ ಎಂದು ಬರೆದಳು. ಓದಲು ಬಾರದವರಿಗೆ ಕೇಳಿದ ಮಾತೇ ಆಸ್ತಿ, ಒಂದು ಅಕ್ಷರ ಅತ್ತಿತ್ತ ಮಾಡುವುದಿಲ್ಲ. ಓದಲು ಬಂದ ನಾನು ಕೈಬಿಚ್ಚಿ ಸೇರಿಸುತ್ತಿದ್ದೆ.

ಬೆರಳಿಡುವ ಮಾತು ಅತ್ತೆಗೆ ಬಹಳ ಹಿಡಿಸಿತು. ಮಗಳು ಹಲ್ಲುಜ್ಜಿದೆ ಎಂದರೆ "ಬೆರಳಿಟ್ಟು ತೋರ್ಸು". ಮನೆಯವರು ತಮ್ಮ ದೊಡ್ಡಪ್ಪನ ಹೊಲಕ್ಕೆ ಅಂಬ್ಲಿಗೊಳದ ಕಾಲುವೆ ನೀರು ನಾಳೆ ಬಿಡುತ್ತಾರಂತೆ ಎಂದರೆ, "ಅಂತೆ ಅಲ್ಲ, ಬೆರಳಿಡು". ಮನೆಯವರು ನನ್ನ ಕಡೆ ನೋಡಿ, "ನೀನು ಪಾಸಾಗ್ತೀಯೋ ಇಲ್ಲೋ, ನಮ್ಮವ್ವ ಲಾಯರ್ ಆಗ್ತಾಳೆ," ಎಂದರು.

ಎರಡು ವಾರದಲ್ಲಿ ಕೈ ಸ್ವಲ್ಪ ಹತೋಟಿಗೆ ಬಂತು. ದೇವರ ಮುಂದೆ ದೀಪ ಹಚ್ಚುವಾಗ ಆ ದಿನ ಸಿಕ್ಕ ಒಳ್ಳೆಯದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಅತ್ತೆಯ ಮೊಣಕಾಲು ನೋವು ಕಡಿಮೆ ಇತ್ತು, ಕರೆಂಟು ಓದುವ ಹೊತ್ತಿಗೆ ಹೋಗಲಿಲ್ಲ, ಹೀಗೆ. ಆಗಿನ ದಿನಗಳಲ್ಲಿ ಅದಕ್ಕೆ ಇನ್ನೊಂದು ಸೇರಿತು: ಇವತ್ತು ಯಾವ ಸಾಹುಕಾರರನ್ನೂ ಕರೆಯಲಿಲ್ಲ.

ಆದರೆ ಒಂದು ಮಧ್ಯಾಹ್ನ ಬೆರಳೂ ಸೋತಿತು. ಅವತ್ತು ಟೀಚರೂ ಬಂದು ಕೂತಿದ್ದರು. ಓದಿದ ಭಾಗ ಚಿಕ್ಕದು. ಒಬ್ಬ ಮುದುಕಿಯ ಕಂದು ಹಸು ಮೇಯಲು ಹೋದದ್ದು ಸಂಜೆಗೆ ಬರಲಿಲ್ಲ. ಮುದುಕಿ ಹುಡುಕಿದಳು. ಮೂರು ದಿನ ಖಾಲಿ ಗೋದಲಿಗೆ ಹುಲ್ಲು ಹಾಕಿಟ್ಟಳು. ನಾಲ್ಕನೇ ದಿನ ಹಾಕಲಿಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿದಳು. ಅಷ್ಟೇ. ಪ್ರಶ್ನೆ: ನಾಲ್ಕನೇ ದಿನ ಅವಳು ಹುಲ್ಲು ಏಕೆ ಹಾಕಲಿಲ್ಲ?

ಹಸು ಬಂದು ಹೊಟ್ಟೆ ತುಂಬ ಮೇದಿತ್ತು ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಬೆರಳು ಸಾಲಿನ ಮೇಲೆಲ್ಲ ಓಡಾಡಿತು. ಕಾರಣ ಎಲ್ಲೂ ಬರೆದಿರಲಿಲ್ಲ.

"ಇದಕ್ಕೆ ಉತ್ತರ ಕೊಟ್ಟೇ ಇಲ್ಲಲ್ರೀ ಟೀಚರ್," ಎಂದೆ.

ಅತ್ತೆಯ ಮೊರ ನಿಂತಿತು. "ಇನ್ನ ಬರಲ್ಲ ಅಂತ ಆಕಿಗೆ ಗೊತ್ತಾತು. ಅದಕ್ಕೇ ಹಾಕ್ಲಿಲ್ಲ," ಎಂದರು.

ಟೀಚರು ಅತ್ತೆಯ ಕಡೆಗೊಮ್ಮೆ ನೋಡಿ, ನನ್ನ ಬಲಗೈ ಹಿಡಿದು ತೋರುಬೆರಳನ್ನು 'ಮೂರು ದಿನ ಹಾಕಿಟ್ಟಳು' ಎಂಬಲ್ಲಿ ಇಟ್ಟರು. ಎಡಗೈಯ ಬೆರಳನ್ನು 'ಕೊಟ್ಟಿಗೆ ಗುಡಿಸಿದಳು' ಎಂಬಲ್ಲಿ ಇಟ್ಟರು. "ಒಂದು ಬೆರಳಿಗೆ ಸಿಗದೇ ಇದ್ರೆ ಎರಡು ಬೆರಳಿಡು. ಎರಡರ ನಡುವೆ ಇರ್ತದೆ. ಹೊರಗಿಂದ ತರಬೇಡ," ಎಂದರು.

ಅವರು ಹೋದ ಮೇಲೆ ಮಗಳೂ ಗೆಳತಿಯ ಮನೆಗೆ ಹೋದಳು. ನಾನು ಬೆಳ್ಳುಳ್ಳಿ ಬಿಡಿಸುತ್ತ ಅತ್ತೆಯ ಪಕ್ಕ ಕೂತೆ. ಅತ್ತೆ ತಾವಾಗಿಯೇ ಮಾತು ತೆಗೆದರು.

"ನಂಗೆ ಮೊದಲು ಹೆಣ್ಣು ಹುಟ್ಟಿತ್ತು. ಗೊತ್ತಲ್ಲ?"

ಯಾರೋ ಯಾವಾಗಲೋ ಹೇಳಿದ್ದರು. ಅತ್ತೆಯ ಬಾಯಿಂದ ಕೇಳಿರಲಿಲ್ಲ.

"ಒಂಬತ್ತು ದಿನ ಇತ್ತು. ಹೋತು. ಬಂದೋರೆಲ್ಲ ಒಂದೇ ಮಾತು. ಅಳಬ್ಯಾಡ, ಹೋದಾಕಿ ಮತ್ತೆ ನಿನ್ನ ಹೊಟ್ಟಿಯಾಗೆ ಹುಟ್ಟಿ ಬರ್ತಾಳೆ ಅಂತ. ಎರಡು ವರ್ಷಕ್ಕೆ ನಿನ್ನ ಗಂಡ ಹುಟ್ಟಿದ. ನೋಡು, ಬಂತಲ್ಲ ಅಂದ್ರು." ಅತ್ತೆ ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ಬಂದಿದ್ದು ಇವನು. ಆಕಿ ಬರ್ಲಿಲ್ಲ. ಹಂಗಂತ ಯಾರೂ ಒಂದು ಮಾತು ಅನ್ಲಿಲ್ಲ."

ನನ್ನ ಬಾಯಿ ತೆರೆದಿತ್ತು. ಶಿವನ ಪಾದ ಸೇರಿದ್ದಾಳೆ ಬಿಡಿ ಅತ್ತೆ, ಎನ್ನಲು ಹೊರಟಿದ್ದೆ. ಶಿವನ ಪಾದದಲ್ಲಿ ನನಗೆ ನಂಬಿಕೆ ಇದೆ. ಆದರೂ ಅಂದು ಆ ಮಾತನ್ನು ಆಡಲಿಲ್ಲ.

"ಬರ್ಲಿಲ್ಲ," ಎಂದೆ.

"ಹೂಂ," ಎಂದರು ಅತ್ತೆ. ಮೊರವನ್ನೊಮ್ಮೆ ಕೊಡವಿ, "ಸಾರಿಗೆ ಅಷ್ಟು ಬೆಳ್ಳುಳ್ಳಿ ಎಂತಕ್ಕೆ?" ಎಂದು ನನ್ನ ಸೊರಬದ 'ಎಂತಕ್ಕೆ'ಯನ್ನೇ ಅಣಕಿಸಿದರು. ಮಾತು ಅಲ್ಲಿಗೆ ಸಾರಿನ ಕಡೆ ಹೋಯಿತು.

ನನ್ನ ಅರ್ಜಿ ಹೋದದ್ದು ಹಳೆಯ ಶಾಲೆಯ ಮೂಲಕ, ಆದ್ದರಿಂದ ಪರೀಕ್ಷೆಯ ಕೇಂದ್ರವೂ ಸೊರಬವೇ. ಆ ದಿನ ಬೆಳಿಗ್ಗೆ ಬೇಗ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶಿರಾಳಕೊಪ್ಪದಲ್ಲಿ ಜನ ತುಂಬಿದರೂ ಯಾರೂ ಎಬ್ಬಿಸಲಿಲ್ಲ. ಹಾಲ್ ಟಿಕೆಟ್ಟನ್ನು ಮೂರು ಸಲ ತೆಗೆದು ನೋಡಿದೆ, ಮೂರು ಸಲವೂ ಇತ್ತು. ಕೋಣೆಯಲ್ಲಿ ನನ್ನ ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಮೇಡಂ, ಎಕ್ಸ್‌ಟ್ರಾ ಶೀಟ್ ಯಾವಾಗ ಕೊಡ್ತೀರಿ?" ಎಂದು ಕೇಳಿದಳು. "ನಾನೂ ಬರೆಯೋಳೇ ಕಣಮ್ಮ," ಎಂದೆ. ಅವಳು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ನಿಜವಾದ ಮೇಡಂ ಬಂದರು.

ಅಪಠಿತ ಗದ್ಯಕ್ಕೆ ಬಂದಾಗ ಒಂದು ಗಂಟೆ ಕಳೆದಿತ್ತು. ಪಾತ್ರೆಗೆ ಕಲಾಯಿ ಹಾಕುವವನೊಬ್ಬನ ಕಥೆ. ಬೆಳಿಗ್ಗೆಯಿಂದ ಒಂದು ಊರಿನ ಮೂರು ಬೀದಿಗಳಲ್ಲಿ ಕೂಗಿಕೊಂಡು ತಿರುಗುತ್ತಾನೆ. ಎಲ್ಲರ ಮನೆಯಲ್ಲೂ ಸ್ಟೀಲು. ಯಾರೂ ಕರೆಯುವುದಿಲ್ಲ. ಮಧ್ಯಾಹ್ನ ಒಂದು ಮರದ ಕೆಳಗೆ ಕೂತು ಬುತ್ತಿ ಉಣ್ಣುತ್ತಾನೆ. ಆಮೇಲೆ ತಿದಿ ಹೂಡಿ ಕೆಂಡ ಮಾಡಿ, ತನ್ನದೇ ಹಿತ್ತಾಳೆಯ ಬುತ್ತಿಪಾತ್ರೆಗೆ ಕಲಾಯಿ ಹಾಕುತ್ತಾನೆ. ಅದು ಫಳಫಳ ಹೊಳೆಯುತ್ತದೆ. ಅದನ್ನು ಚೀಲಕ್ಕಿಟ್ಟುಕೊಂಡು ಮುಂದಿನ ಊರಿನ ದಾರಿ ಹಿಡಿಯುತ್ತಾನೆ.

ಓದಿ ಮುಗಿಸಿದಾಗ ನನಗೆ ನಾಲ್ಕನೇ ಬೀದಿ ಕಂಡಿತು. ಅಲ್ಲಿ ಒಂದು ಬಾಗಿಲು ತೆರೆದು ಒಬ್ಬ ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಎರಡು ಹಿತ್ತಾಳೆ ಪಾತ್ರೆ. ಅವಳ ಸೀರೆಯ ಬಣ್ಣ ಕೂಡ ಕಂಡಿತು. ಪೆನ್ನು ಕೈಯಲ್ಲೇ ಇತ್ತು. ಅಪ್ಪ ಇದ್ದಿದ್ದರೆ ಆ ಅಜ್ಜಿಯನ್ನು ಖಂಡಿತ ಕರೆಸುತ್ತಿದ್ದರು.

ಪೆನ್ನು ಕೆಳಗಿಟ್ಟೆ. ಮೇಲ್ವಿಚಾರಕಿ ನನ್ನ ಕಡೆ ನೋಡಿದರು. ತನ್ನದೇ ಪಾತ್ರೆಗೆ ಅವನು ಏಕೆ ಕಲಾಯಿ ಹಾಕಿದ ಎಂಬುದು ಕೊನೆಯ ಪ್ರಶ್ನೆ. ಒಂದು ಬೆರಳು 'ಯಾರೂ ಕರೆಯಲಿಲ್ಲ' ಎಂಬಲ್ಲಿ ಇಟ್ಟೆ. ಇನ್ನೊಂದನ್ನು 'ತನ್ನದೇ' ಎಂಬಲ್ಲಿ. ಎರಡರ ನಡುವೆ ನೋಡುತ್ತ ಕೂತೆ. ಗೋದಲಿಗೆ ಹುಲ್ಲು ಹಾಕಿದ ಮುದುಕಿ ನೆನಪಾದಳು. ಆಮೇಲೆ ಬರೆದೆ: "ಆ ದಿನ ಅವನಿಗೆ ಯಾರೂ ಕೆಲಸ ಕೊಡಲಿಲ್ಲ. ಆದರೂ ಅವನು ಕೆಲಸ ಮಾಡದೆ ದಿನ ಕಳೆಯಲಿಲ್ಲ." ಎರಡೇ ಸಾಲು. ಅಜ್ಜಿಯನ್ನು ನಾಲ್ಕನೇ ಬೀದಿಯಲ್ಲೇ ಬಿಟ್ಟುಬಂದೆ. ಮನಸ್ಸಿಗೆ ಹಿಂಸೆಯಾಯಿತು, ಸುಳ್ಳು ಹೇಳುವುದಿಲ್ಲ.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಹತ್ತಿರವೇ ಕೂತಿದ್ದರು.

"ಯಾವ ಕತಿ ಬಂದಿತ್ತು?"

ಕಾಲು ತೊಳೆದು, ನೀರು ಕುಡಿದು, ಇದ್ದದ್ದು ಇದ್ದಂತೆ ಹೇಳಿದೆ. ಅತ್ತೆ ಗದ್ದಕ್ಕೆ ಕೈ ಕೊಟ್ಟು ಕೇಳಿದರು.

"ಆಮೇಲೆ?"

"ಅಷ್ಟೇ ಅತ್ತೆ. ಮುಂದಿನ ಊರಿಗೆ ಹೋದ."

"ಅಲ್ಲಿ ಯಾರಾದ್ರೂ ಕರೆದ್ರಾ?"

"ಬರೆದಿಲ್ಲ."

ಅತ್ತೆ ಗದ್ದದ ಕೈ ತೆಗೆದು ಅಟ್ಟದ ಕಡೆ ನೋಡಿದರು. ಆಮೇಲೆ ಮಗಳನ್ನು ಕೂಗಿ, ಅಟ್ಟದ ಮೇಲೆ ಗೋಣಿಚೀಲದಲ್ಲಿ ಎರಡು ಹಿತ್ತಾಳೆ ಪಾತ್ರೆ ಅದಾವೆ, ಇಳಿಸು ಎಂದರು. ಒಳಗಿನ ಕಲಾಯಿ ಪೂರ್ತಿ ಹೋಗಿತ್ತು. ಉಡುತಡಿ ಕಡೆಯಿಂದ ಇನ್ನೂ ಒಬ್ಬ ಕಲಾಯಿಯವನು ವರ್ಷಕ್ಕೊಮ್ಮೆ ಬರುತ್ತಾನಂತೆ. ಅವನು ಬಂದರೆ ಕೈಗೆ ಸಿಗಲಿ ಎಂದು ಅವನ್ನು ಬಾಗಿಲ ಪಕ್ಕದಲ್ಲೇ ಇಡಿಸಿದರು. ಮನೆಯವರು ಬಂದವರೇ ಅದಕ್ಕೆ ಎಡವಿದರು.

ಫಲಿತಾಂಶ ಬಂದ ದಿನ ಮಗಳು ಫೋನು ಹಿಡಿದು ಅಡುಗೆಮನೆಗೆ ಓಡಿಬಂದಳು. "ಅಮ್ಮ, ಪಾಸ್." ನಾನು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದೆ. ಹಿಂದಿನಿಂದ ಅತ್ತೆಯ ದನಿ ಬಂತು: "ಬೆರಳಿಟ್ಟು ತೋರ್ಸು." ಮಗಳು ಅಜ್ಜಿಯ ಬೆರಳನ್ನೇ ಹಿಡಿದು ಫೋನಿನ ಗಾಜಿನ ಮೇಲೆ 'ಪ್ರಥಮ ಭಾಷೆ ಕನ್ನಡ' ಎಂಬಲ್ಲಿ ಇಟ್ಟಳು. ಅತ್ತೆಗೆ ಅದು ಓದಲು ಬರದು. ಆದರೂ ಬೆರಳನ್ನು ತಕ್ಷಣ ತೆಗೆಯಲಿಲ್ಲ. ಪುಟ ಅಲ್ಲಾಡಿ ಬೇರೆ ಏನೋ ತೆರೆದುಕೊಂಡಿತು.

ಸೋಮವಾರ ಟೀಚರು ಪತ್ರೆಗೆ ಬಂದಾಗ ಸಕ್ಕರೆ ಕೊಟ್ಟೆ. ಅಂಕಪಟ್ಟಿ ಕೈಗೆ ಬಂದ ವಾರವೇ ಅಂಗನವಾಡಿಯ ಕೆಲಸಕ್ಕೆ ಅರ್ಜಿಯನ್ನೂ ಹಾಕಿದೆ. ನನ್ನ ಹಾಗೆ ಇನ್ನೂ ಕೆಲವರು ಹಾಕಿದ್ದಾರೆ ಎಂದು ಕೇಳಿದ್ದೇನೆ. ಇವತ್ತು ಇದನ್ನು ಬರೆಯುತ್ತಿರುವಾಗ ಆಯ್ಕೆಯಾದವರ ಪಟ್ಟಿ ಇನ್ನೂ ಬಂದಿಲ್ಲ. ಅಂಗನವಾಡಿಯಿಂದ ಮಕ್ಕಳು ಪದ್ಯ ಹೇಳುವುದು ನಮ್ಮ ಅಡುಗೆಮನೆಗೆ ಕೇಳುತ್ತದೆ. ಹಿತ್ತಾಳೆ ಪಾತ್ರೆಗಳು ಬಾಗಿಲ ಪಕ್ಕದಲ್ಲೇ ಇವೆ. ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರಿತ್ತು ಎಂದು ಒಂದು ಸಾಲು ಸೇರಿಸಿ ಮುಗಿಸೋಣ ಎಂದು ಕೈ ಎಳೆಯುತ್ತಿದೆ. ಬೆರಳಿಡಲು ಜಾಗ ಇಲ್ಲ. ಅದಕ್ಕೆ ಇಲ್ಲಿಯೇ ಪತ್ರೆ ಇಡುತ್ತೇನೆ.